ಹಿಮ್ಮಡಿ ಇಲ್ಲದ ಶೂ

ಇವತ್ತು ಹೇಳೋದು ಅಕ್ಷರಕ್ಷರ ನಿಜ ಕಣೇ, ನನ್ನ ಕಣ್ಣಾಣೆ. ಕಣ್ಣು ಮಂಜಾಗಿ ಹತ್ತು ವರ್ಷ ಆಯ್ತು ಅಂತೀಯಾ? ಸರಿ, ಕನ್ನಡಕದಾಣೆ. ಮೂರು ವಾರದಿಂದ ಒಂದೇ ಮಾತು ಕೇಳ್ತಿದೀಯ, "ನಾನು ಕೊಡಿಸಿದ ಶೂನೇ ನನ್ನ ತಮ್ಮನ್ನ ತಿಂತಾ?" ಅಂತ. ಕೂತ್ಕೋ. ಬಟ್ಟೆ ಆಮೇಲೆ ಮಡಚು.

ಶೂ ಚೆನ್ನಾಗೇ ಇತ್ತು, ಸುಳ್ಳ್ಯಾಕೆ ಹೇಳ್ಲಿ. ಮುಂದಿಂದ ನೋಡಿದ್ರೆ ಬೆಟ್ಟ ಹತ್ತೋಕೆ ಹೊರಟ ಶೂರ, ಹಿಂದಿಂದ ನೋಡಿದ್ರೆ ಬಚ್ಚಲಿಗೆ ಹೊರಟ ತಾತ. ಅಡಿಗೆ ಟ್ರ್ಯಾಕ್ಟರ್ ಟೈರಿನಂಥ ಹಲ್ಲು, ಮೂತಿಗೆ ದಪ್ಪ ರಬ್ಬರು, ಹಿಮ್ಮಡಿ ಹತ್ರ ಮಾತ್ರ ಬಟಾಬಯಲು. ನಮ್ಮ ಲಿಫ್ಟ್ ಕಂಪನಿ ಕೊಟ್ಟ ಬೂಟಿಗೆ ಹದಿನಾರು ತೂತು. ಲೇಸು ಕಟ್ಟಿ ಮುಗಿಸೋಷ್ಟರಲ್ಲಿ ಕೆಟ್ಟ ಲಿಫ್ಟು ತಾನಾಗೇ ರಿಪೇರಿ ಆಗಿ ಮೇಲೆ ಹೋಗ್ಬಿಡೋದು, ನಾನೇ ಎರಡು ಸಲ ನೋಡಿದೀನಿ. ಅವನಿಗೆ ಸೊಂಟ ಬೇರೆ ಹಿಡ್ಕೊಂಡಿತ್ತು. ಬಗ್ಗೋ ಕಷ್ಟ ಬೇಡ ಅಂತ ನೀನು ಕೊಡಿಸ್ದೆ. ಅದ್ರಲ್ಲಿ ತಪ್ಪೇನಿದೆ?

"ಭಾವ, ಕಾಲಿಗೆ ರಜ ಸಿಕ್ಕಂಗಿದೆ" ಅಂದ.

"ತಲೆಗೆ ಸಿಕ್ಕಿ ಎಷ್ಟು ವರ್ಷ ಆಯ್ತೋ?" ಅಂದೆ.

"ಹೊಟ್ಟೆಕಿಚ್ಚು ನಿಮಗೆ. ಅಕ್ಕ ನಿಮಗೆ ಕೊಡಿಸ್ಲಿಲ್ಲ ಅಂತ."

ಇತ್ತು, ಸ್ವಲ್ಪ ಇತ್ತು.

ಒಂದೇ ತೊಂದ್ರೆ, ಆ ಶೂ ಯಾವಾಗ್ಲೂ ಕಾಲಿಗಿಂತ ಅರ್ಧ ಹೆಜ್ಜೆ ತಡ. ಒಂದ್ಸಲ ಅವನು ಮೆಟ್ಟಿಲಿಳಿದು ಬಂದು ಟೀ ಕುಡಿದು ಲೋಟ ತೊಳೆದಿಟ್ಟ ಮೇಲೆ ಎಡಗಾಲಿನ ಶೂ ಒಂದೇ ಪಟ್ ಪಟ್ ಅಂತ ಇಳ್ಕೊಂಡು ಬಂತು. ಮುಖ ಹಾಗೆ ಮಾಡ್ಬೇಡ.

ಆವತ್ತು ಹೋಗಿದ್ದು ಹಳೇ ಐದು ಮಹಡಿ ಕಟ್ಟಡ. ನಾನು ಮೂರನೇ ಮಹಡಿ ಹತ್ರ ಲಿಫ್ಟಿನ ನೆತ್ತಿ ಮೇಲೆ ಕೂತು ತಂತಿಗೆ ಗ್ರೀಸ್ ಹಚ್ತಿದ್ದೆ, ಹತ್ತಿಸೋ ಇಳಿಸೋ ಗುಂಡಿ ಅಲ್ಲೇ ಕೈಗೆಟುಕೋ ಹಾಗಿತ್ತು. ಅವನು ಕೆಳಗೆ ಬಾಗಿಲು ತೆಗೆದು ನಿಂತಿದ್ದ. ನಮ್ಮ ಕೆಲಸದಲ್ಲಿ ಒತ್ತೋದೂ ಗುಂಡಿ, ಬೀಳೋದೂ ಗುಂಡಿ. ಲಿಫ್ಟಿನ ಕೆಳಗಿನ ಗುಂಡಿ ಆಳುದ್ದ ಇದ್ರೆ ಒಳಗಿದ್ದೋನು ಉಳ್ಕೋತಾನೆ. ಅಲ್ಲಿದ್ದಿದ್ದು ಮೊಣಕಾಲುದ್ದ. ಒಳಗೆ ಇಣುಕೋಕೆ ಒಂದು ಕಾಲೆತ್ತಿದ್ದಾನೆ, ಶೂ ಕಳಚ್ಕೊಂಡು ಗುಂಡಿಗೆ ಬಿತ್ತು. ದಢ್ ಅಂತ ಮೇಲಕ್ಕೂ ಕೇಳಿಸ್ತು.

"ಏನೋ ಅದು?"

"ಶೂ ಭಾವ!"

"ಇರು, ಬಂದೆ! ನಿನ್ನ ಶೂ ಬೆಟ್ಟ ಹತ್ತುತ್ತೆ ಅಂದ್ಯಲ್ಲೋ, ಪಾತಾಳಕ್ಕೇ ಹೋಯ್ತಲ್ಲೋ!" ಅಂದೆ. ಅಂದು ನಾನೇ ನಕ್ಕೆ. ನನ್ನ ನಗು ನಿಂಗೊತ್ತಲ್ಲ, ಆ ಬಾವಿಯಂಥ ಜಾಗದಲ್ಲಿ ನಾಲ್ಕು ಜನ ನಕ್ಕಂಗೆ ಕೇಳಿಸ್ತು.

ಆಫೀಸಿನೋರು ಕೇಳ್ದಾಗ, ಅವನು ಕೂಗ್ಲೇ ಇಲ್ಲ, ಶೂ ಆಸೆಗೆ ಹೇಳ್ದೆ ಕೇಳ್ದೆ ಇಳಿದ ಅಂದೆ. ಅವರು ಬರ್ಕೊಂಡ್ರು. ನೀನೂ ನಂಬ್ದೆ.

ಕೂಗಿದ್ದ ಕಣೇ.

"ಬಿಡಿ ಭಾವ" ಅಂದ. ಅದು ನಂಗೆ ಕೇಳಿಸ್ತು. ಕೆಳಗಿರೋನು ಬಿಡಿ ಅಂದ್ರೆ ಲಿಫ್ಟ್ ಇಳಿಸ್ಬಹುದು, ದಾರಿ ಖಾಲಿ ಇದೆ ಅಂತ. ದಿನಕ್ಕೆ ನೂರು ಸಲ ಅಂತಿದ್ದ. ಆಮೇಲೆ ಇನ್ನೂ ಏನೋ ಅಂದ, ಅದು ನನ್ನ ನಗುವಲ್ಲಿ ಮುಳುಗಿಹೋಯ್ತು. ಕಸ ಗುಡಿಸೋ ಹೆಂಗಸು ಬಾಗಿಲ ಹತ್ರಾನೇ ಇದ್ಲು, ಪೂರ್ತಿ ಕೇಳಿಸ್ಕೊಂಡಿದ್ಲು. "ಬಿಡಿ ಭಾವ, ನಾನೇ ಇಳಿದು ತಗೋತೀನಿ" ಅಂದನಂತೆ. ನೀವು ಬರೋದು ಬೇಡ, ಬಿಟ್ಬಿಡಿ, ಅಂತ. ಅಷ್ಟೇ ಅವನು ಹೇಳಿದ್ದು. ನಾನು ಆಗ್ಲೇ ಇಳಿಸೋ ಗುಂಡಿ ಒತ್ತಿ...

ಎಲ್ಲಿಗೆ ಎದ್ದೆ? ಏ, ಬಾಗಿಲು ಯಾಕೆ ಹಾಕ್ತಿದೀಯ? ನೀನು ಕೊಡಿಸಿದ್ದರಲ್ಲಿ ಏನೂ ತಪ್ಪಿಲ್ಲ ಕಣೇ, ಆ ಹೆಂಗಸು ಚೀರಿದ ತಕ್ಷಣ ನಾನು ಬೆರಳು