ಇಲಾರಿಯೆಗೆ ಮುಟ್ಟುವ ಲೋಟ

ಬುಖಾರೆಸ್ಟಿನಲ್ಲಿ ಮೆರೆದ ಹಾಡುಗಾರ ಇಲಾರಿಯೆ ಕುಡಿದು ಕುಡಿದೇ ಸತ್ತ. ನಲವತ್ತನೆಯ ದಿನದ ಊಟಕ್ಕೆ ಅವನ ಹುಟ್ಟೂರೆಲ್ಲ ಅಂಗಳದಲ್ಲಿ ಸೇರಿತ್ತು. ಇಪ್ಪತ್ತು ವರ್ಷ ಅವನ ಪಕ್ಕ ನಿಂತು ಪಿಟೀಲು ನುಡಿಸಿ, ಅವನಷ್ಟೇ ಕುಡಿದಿದ್ದ ಗವ್ರಿಲ ಮೂಲೆಯ ಮೇಜಿನಲ್ಲಿ ಒಬ್ಬನೇ ಕೂತಿದ್ದ. ಅವನು ಕುಡಿತ ಬಿಟ್ಟು ಹದಿನಾಲ್ಕು ತಿಂಗಳಾಗಿತ್ತು. ಅಂದಿನಿಂದ ಗೆಳೆಯರು ಅವನನ್ನು ಬಿಟ್ಟಿದ್ದರು.

ಸತ್ತವನ ಅಕ್ಕ ರಫೀಲ ರೊಟ್ಟಿಯ ಜೊತೆ ಪ್ಲಮ್ ಸಾರಾಯಿಯ ಲೋಟ ಚಾಚಿದಳು. ಸತ್ತವರ ಹೆಸರಲ್ಲಿ ಕೊಟ್ಟದ್ದನ್ನು ಬೇಡ ಎನ್ನುವಂತಿಲ್ಲ. ಇಲ್ಲಿ ಕುಡಿದದ್ದು ಪರಲೋಕದಲ್ಲಿ ಅವರಿಗೆ ಮುಟ್ಟುತ್ತದೆ ಎಂದು ಊರಿನ ನಂಬಿಕೆ. ವಾಸನೆಗೇ ಗವ್ರಿಲನ ಬಾಯಲ್ಲಿ ನೀರೂರಿತು. ಒಂದು ಗುಟುಕು ಒಳಗಿಳಿದರೆ ತಾನೂ ಮಣ್ಣು ಸೇರುವುದು ಖಂಡಿತ ಎಂದು ಅವನಿಗೆ ಗೊತ್ತಿತ್ತು.

"ಅಕ್ಕಾ, ಇದು ಅವನಿಗೆ ಮುಟ್ಟುತ್ತಲ್ವಾ?"

"ಮುಟ್ಟದೆ ಏನು?"

"ಹಾಗಾದ್ರೆ ನೀರು ಕೊಡು. ಇದನ್ನ ಕುಡಿದೇ ಹೋದ. ಅಲ್ಲಾದ್ರೂ ಬಿಡ್ಲಿ."

"ಇಲಾರಿಯೆಗೆ ನೀರಾ? ಎದ್ದು ಬಂದು ಒದೀತಾನೆ ನೋಡು!" ಪಕ್ಕದ ಮೇಜಿನವರು ಗೊಳ್ಳೆಂದು ನಕ್ಕರು.

ರಫೀಲ ನಗಲಿಲ್ಲ. ಸಾರಾಯಿಯನ್ನು ಬಾಟಲಿಗೆ ವಾಪಸು ಸುರಿದು, ಲೋಟ ತೊಳೆದು, ಬಾವಿಯ ನೀರು ತುಂಬಿ ತಂದಳು.

ಗವ್ರಿಲ ಒಂದೇ ಉಸಿರಿಗೆ ಕುಡಿದ. ಇಲಾರಿಯೆ ಅಲ್ಲಿ ಬಾಯಿಗೆ ಬಂದಂತೆ ಬೈಯುತ್ತಿರಬೇಕು. ಬೈಯಲಿ. ಸಲುಗೆಯಿಂದ ಬೈಯುವವರು ಗವ್ರಿಲನಿಗೆ ಬೇರೆ ಯಾರೂ ಉಳಿದಿರಲಿಲ್ಲ.