ಪಿಂಗಳೆಯ ಸಮುದ್ರಯಾನ

ಸಮುದ್ರದಿಂದ ಬಹುದೂರದ ಒಂದು ಪಟ್ಟಣದಲ್ಲಿ ಪ್ರಾಣಿಗಳದೇ ಒಂದು ಪಾಠಶಾಲೆಯಿತ್ತು. ಅಲ್ಲಿ ಓದುತ್ತಿದ್ದ ಪಿಂಗಳೆ ಎಂಬ ಮುಂಗುಸಿಗೆ ಸಮುದ್ರ ನೋಡುವ ಹುಚ್ಚು. ಭೂಗೋಳದ ಪುಸ್ತಕದಲ್ಲಿ ಸಮುದ್ರದ ಚಿತ್ರವಿದ್ದ ಪುಟವನ್ನು ಅವಳು ಎಷ್ಟು ಸಲ ತೆರೆದಿದ್ದಳೆಂದರೆ, ಪುಸ್ತಕ ತಾನಾಗಿಯೇ ಅಲ್ಲಿಗೆ ಬಿಚ್ಚಿಕೊಳ್ಳುತ್ತಿತ್ತು. ಬೇಸಿಗೆ ರಜೆಯಲ್ಲಿ ಹೋಗಿಬರೋಣವೆಂದು ಅವಳೂ ಅವಳ ಸಹಪಾಠಿ ಶಲಾಕನೆಂಬ ಮುಳ್ಳುಹಂದಿಯೂ ನಿಶ್ಚಯಿಸಿದರು.

ವಿದ್ಯಾರ್ಥಿಗಳ ಕೈಯಲ್ಲಿ ಕಾಸೆಲ್ಲಿಂದ ಬರಬೇಕು? ಆದರೆ ದಾರಿಯ ತಂಗುಮನೆಗಳಲ್ಲಿ ಒಂದು ಕಾರ್ಡು ತೋರಿಸಿದರೆ ಸಾಕಿತ್ತು. ಬಾಕಿಯನ್ನು ಆಮೇಲೆ ದುಡಿದು ತೀರಿಸಬಹುದಿತ್ತು. ಅಂಥ ಕಾರ್ಡು ಕೊಡುವವರು ಪೇಟೆಬೀದಿಯಲ್ಲಿ ಇಬ್ಬರಿದ್ದರು.

ಮೊದಲು ಸಿಕ್ಕಿದ್ದು ಆಮೆಯ ಅಂಗಡಿ.

"ಅಜ್ಜಿ, ನಿಮ್ಮ ಕಾರ್ಡಿನಿಂದ ಏನೇನು ಸಿಗುತ್ತೆ?" ಎಂದು ಪಿಂಗಳೆ ಕೇಳಿದಳು.

"ಊಟ, ಮಲಗೋಕೆ ಜಾಗ. ಸಮುದ್ರದವರೆಗೂ ನಡೆಯುತ್ತೆ. ಬಾಕಿ ಮಾತ್ರ ಬೆಳೆಯೋಕೆ ಬಿಡಬೇಡ, ಮಗಾ."

"ಮತ್ತೆ?"

"ಮತ್ತೇನು?" ಎಂದಳು ಆಮೆ.

ಶಲಾಕ ಅದನ್ನೇ ತೆಗೆದುಕೊಂಡ. ಕಾರ್ಡಿನ ಕೆಸರುಬಣ್ಣ ಪಿಂಗಳೆಗೆ ಹಿಡಿಸಲಿಲ್ಲ. ಅವಳು ಎದುರಿನ ನವಿಲಿನ ಅಂಗಡಿಗೆ ಹೋದಳು. ಅಲ್ಲಿ ಗೋಡೆಯೆಲ್ಲ ಕನ್ನಡಿ.

"ಬರಬೇಕು, ಯಾತ್ರಿಕರು ಬರಬೇಕು!" ಎಂದು ನವಿಲು ಎದ್ದುನಿಂತ.

ಊರ ಗಡಿ ದಾಟದ ಪಿಂಗಳೆಯನ್ನು ಅದುವರೆಗೆ ಯಾರೂ ಹಾಗೆ ಕರೆದಿರಲಿಲ್ಲ. ಅವಳ ಕತ್ತು ತುಸು ಉದ್ದವಾಯಿತು.

"ನಮ್ಮ ಕಾರ್ಡಿನಲ್ಲಿ ಏನು ಕೊಂಡರೂ ಒಂದಷ್ಟು ಚುಕ್ಕಿ ಬೀಳುತ್ತವೆ. ಚುಕ್ಕಿ ತುಂಬಿದರೆ ಸಮುದ್ರಕ್ಕೆ ಪಲ್ಲಕ್ಕಿ, ಬಿಟ್ಟಿಯಾಗಿ. ಅಲ್ಲಿಯವರೆಗೆ ದಿನಾ ಸಂಜೆ ನಮ್ಮ ವಿಶ್ರಾಂತಿ ಮಂಟಪದಲ್ಲಿ ಪಾಯಸ."

"ಚುಕ್ಕಿ ತುಂಬದಿದ್ದರೆ?"

"ತುಂಬುವವರೆಗೆ ಕೊಳ್ಳುತ್ತಿರಿ."

ಕಾರ್ಡು ಹಿಡಿದು ಹೊರಬಂದವಳಿಗೆ ಶಲಾಕ, "ನಾಳೆ ಬೆಳಿಗ್ಗೆ ಹೊರಡೋಣ ಕಣೇ" ಎಂದ.

"ಬಿಟ್ಟಿ ಪಲ್ಲಕ್ಕಿ ಇರುವಾಗ ಕಾಲು ಸವೆಸೋಕೆ ನನಗೇನು ತಲೆ ಕೆಟ್ಟಿದೆಯಾ? ನೀನು ಮುಂದೆ ನಡಿ. ದಾರೀಲೇ ನಿನ್ನ ಹಿಡೀತೀನಿ."

ಶಲಾಕ ಒಬ್ಬನೇ ಹೊರಟ. ಪಿಂಗಳೆ ಪ್ರಯಾಣಕ್ಕೆಂದು ಪೆಟ್ಟಿಗೆ ಕೊಂಡಳು. ಪೆಟ್ಟಿಗೆ ಖಾಲಿಯಿರಬಾರದೆಂದು ಶಾಲು ಕೊಂಡಳು. ಶಾಲಿಗೆ ಒಪ್ಪುವ ಟೋಪಿ, ಟೋಪಿ ನೋಡಿಕೊಳ್ಳಲು ಕನ್ನಡಿ, ಎಲ್ಲವೂ ಒಂದರಲ್ಲಿ ಹಿಡಿಯದೆ ಇನ್ನೊಂದು ಪೆಟ್ಟಿಗೆ. ಚುಕ್ಕಿಗಳು ಬೀಳುತ್ತಲೇ ಇದ್ದವು, ಬಾಕಿಯೂ ಏರುತ್ತಲೇ ಇತ್ತು. ಅದನ್ನು ತೀರಿಸಲು ಅವಳು ರಜೆಯಿಡೀ ಕಡಲೆಕಾಯಿ ಹೊಲದಲ್ಲಿ ಬೆನ್ನು ಬಗ್ಗಿಸಿದಳು. ಸೊಂಟ ಹಿಡಿದಾಗ ಶಲಾಕನ ನೆನಪಾಗುತ್ತಿತ್ತು. ಸಂಜೆ ಮಂಟಪದಲ್ಲಿ ಪಾಯಸ ಕುಡಿಯುತ್ತ, ಇನ್ನೂ ಹೊರಡದ ಬೇರೆ ಯಾತ್ರಿಕರ ಜೊತೆ ಅಲೆಗಳ ಬಗ್ಗೆ ಮಾತಾಡಿದರೆ ನೋವು ಮರೆಯುತ್ತಿತ್ತು. ಚುಕ್ಕಿ ಇನ್ನೇನು ತುಂಬಬೇಕು ಅನ್ನುವಾಗ, ಪಲ್ಲಕ್ಕಿ ಹೊರುವವರ ಕೂಲಿ ಏರಿದೆಯೆಂದು ನವಿಲು ಇನ್ನಷ್ಟು ಚುಕ್ಕಿ ಕೇಳಿದ.

ಆದರೆ ಅವಳಷ್ಟು ಚುಕ್ಕಿ ಗಳಿಸಿದವರು ಊರಲ್ಲೇ ಇರಲಿಲ್ಲ. ನವಿಲು ಅವಳ ಚಿತ್ರ ಬರೆಸಿ, ಹಿಂದೆ ನೀಲಿ ಅಲೆಗಳನ್ನು ಬಳಿಸಿ, ಪೇಟೆಯ ನಡುವೆ ನಿಲ್ಲಿಸಿದ. ಕೆಳಗೆ 'ನಮ್ಮೂರಿನ ಮಹಾಯಾತ್ರಿಕೆ' ಎಂದಿತ್ತು. ಶಾಲೆ ತೆರೆದ ಕೂಡಲೇ ಭೂಗೋಳದ ಕೊಕ್ಕರೆ ಮೇಷ್ಟ್ರು ಅವಳನ್ನು ಸಮುದ್ರದ ಬಗ್ಗೆ ಭಾಷಣಕ್ಕೆ ನಿಲ್ಲಿಸಿದರು.

ಮುಂದಿನ ಸಾಲಿನ ಮೊಲದ ಮರಿಯೊಂದು ಕೇಳಿತು: "ಅಕ್ಕಾ, ಸಮುದ್ರದ ನೀರು ಹೇಗಿರುತ್ತೆ?"

ಪಿಂಗಳೆ ಟೋಪಿ ಸರಿಪಡಿಸಿಕೊಂಡಳು. ಪುಸ್ತಕದಲ್ಲಿದ್ದದ್ದು ಬರೀ ಚಿತ್ರ. ನಾಲಿಗೆಗೆ ನೆನಪಿದ್ದದ್ದು ಒಂದೇ ರುಚಿ.

"ಸಿಹಿ," ಎಂದಳು. ಎಲ್ಲರೂ ಬರೆದುಕೊಂಡರು.

ಶಲಾಕ ಮರಳುವ ಹೊತ್ತಿಗೆ ಪರೀಕ್ಷೆ ಶುರುವಾಗಿತ್ತು. ಬಿಸಿಲಿಗೆ ಅವನ ಮುಳ್ಳುಗಳು ಬೆಳ್ಳಗಾಗಿದ್ದವು. ಸಮುದ್ರದ ನೀರಿನ ಪ್ರಶ್ನೆಗೆ ಅವನು 'ಉಪ್ಪು' ಎಂದು ಬರೆದ. ಮೇಷ್ಟ್ರು ಸೊನ್ನೆ ಹಾಕಿದರು.

"ಸಾರ್, ನಾನು ಕುಡಿದು ನೋಡಿದೀನಿ!"

"ನಿನ್ನ ಹತ್ತಿರ ಎಷ್ಟು ಚುಕ್ಕಿ ಇವೆ?"

"ಒಂದೂ ಇಲ್ಲ, ಸಾರ್."

"ಹಾಗಾದರೆ ಕೂತುಕೋ."

ಶಲಾಕ ಪಿಂಗಳೆಯತ್ತ ತಿರುಗಿದ. "ನೀನಾದರೂ ಹೇಳೇ."

ಇಡೀ ತರಗತಿ ಅವಳನ್ನೇ ನೋಡುತ್ತಿತ್ತು. ಪಿಂಗಳೆ ಬೆಂಚಿನ ಹಲಗೆಯ ಮೇಲಿನ ಗೀರೊಂದನ್ನು ಉಗುರಿನಿಂದ ಕೆರೆಯುತ್ತ ಕುಳಿತಳು. ಶಲಾಕ ಕೂತುಕೊಂಡ. ಮತ್ತೆಂದೂ ಅವಳ ಪಕ್ಕದಲ್ಲಿ ಕೂರಲಿಲ್ಲ.

ಕೆಲವು ತಿಂಗಳ ನಂತರ ಚುಕ್ಕಿಗಳು ನಿಜವಾಗಿಯೂ ತುಂಬಿದವು. ನವಿಲೇ ಖುದ್ದಾಗಿ ಪಲ್ಲಕ್ಕಿ ತಂದು ಅವಳ ಮನೆಮುಂದೆ ಇಳಿಸಿದ.

"ಸಮುದ್ರಕ್ಕೆ ಯಾವಾಗ ಹೊರಡುತ್ತೀರಿ, ಯಾತ್ರಿಕರೇ?"

ಪಿಂಗಳೆ ಪಲ್ಲಕ್ಕಿಯ ಸುತ್ತ ಒಂದು ಸುತ್ತು ಬಂದಳು. ಮೆತ್ತೆಯನ್ನು ಒತ್ತಿ ನೋಡಿದಳು. ಅಕ್ಕಪಕ್ಕದಲ್ಲಿ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಮೆಲ್ಲಗೆ ಕೇಳಿದಳು:

"ಇದರ ಬದಲಿಗೆ ಬೇರೇನಾದರೂ ಸಿಗುತ್ತಾ?"

"ಒಂದು ಛತ್ರಿ ಇದೆ."

"ಅದನ್ನೇ ಕೊಡಿ," ಎಂದಳು ಪಿಂಗಳೆ.