ಮುನ್ನೂರು ಉಬ್ಬುಗಳಿಗೆ ಸಾಕ್ಷಿ

ಗ್ಯಾಲಕ್ಸಿಯ ನಡುವೆ ನಕ್ಷತ್ರಗಳು ಒತ್ತೊತ್ತಾಗಿ ಸೇರಿದ ಒಂದು ಉಬ್ಬು ಇರುತ್ತದೆ. ಅದು ಬೆಳೆಯಲು ದೇವರು ಎರಡು ದಾರಿ ಇಟ್ಟಿದ್ದಾನೆ. ಹೊರಗಿನ ಗ್ಯಾಲಕ್ಸಿಗಳು ಬಂದು ಬಿದ್ದು, ಎಲ್ಲ ಕಲಸಿಹೋಗಿ, ಚೆಂಡಿನಂತೆ ಗುಂಡಗಾಗುವುದು ಒಂದು. ಉಬ್ಬಿನ ಸುತ್ತ ತಟ್ಟೆಯಂತೆ ಹರಡಿದ ತನ್ನದೇ ಅನಿಲವೂ ನಕ್ಷತ್ರಗಳೂ ಕೋಟಿ ಕೋಟಿ ವರ್ಷ ಒಳಸರಿದು, ಚಪ್ಪಟೆಯಾಗಿ, ಸದ್ದಿಲ್ಲದೆ ಬೆಳೆಯುವುದು ಇನ್ನೊಂದು.

ಹೆಚ್ಚಿನವು ಹೀಗೆ ಸದ್ದಿಲ್ಲದೆ ಬೆಳೆದವೇ ಎಂದು ಸಂಶೋಧಕಿ ಆರು ವರ್ಷದಿಂದ ಹೇಳುತ್ತಿದ್ದಳು. ಅದನ್ನು ಸಾಧಿಸಲು ಮುನ್ನೂರು ಗ್ಯಾಲಕ್ಸಿಗಳ ಚಿತ್ರಗಳನ್ನು ಇಬ್ಬರು ಬೇರೆ ಬೇರೆ ಕೋಣೆಯಲ್ಲಿ ಕೂತು, ಮಾತಾಡದೆ, ಉಬ್ಬು ಗುಂಡಗೋ ಚಪ್ಪಟೆಯೋ ಎಂದು ಕಣ್ಣಳತೆಯಲ್ಲಿ ವಿಂಗಡಿಸಬೇಕಿತ್ತು. ಒಬ್ಬಳು ಅವಳೇ. ಇನ್ನೊಬ್ಬರು, ಮೂಗಿನ ತುದಿಯ ಕನ್ನಡಕದಿಂದಾಗಿ ಎಲ್ಲರ ಬಾಯಲ್ಲೂ 'ಚಾಳೀಸಣ್ಣ' ಆಗಿಹೋದ ಹಿರಿಯರು.

ವಿಭಾಗದ ಮುಖ್ಯಸ್ಥೆ ಇಬ್ಬರ ಪಟ್ಟಿಯಿದ್ದ ಎರಡೂ ಲಕೋಟೆ ಒಡೆದು ಹುಬ್ಬೇರಿಸಿದರು.

"ಇನ್ನೂರ ತೊಂಬತ್ತೇಳು ಒಂದೇ! ಗಂಡ ಹೆಂಡ್ತಿನೂ ಇಷ್ಟು ಒಪ್ಪಲ್ಲ ಕಣಮ್ಮ. ಮಾತಾಡ್ಕೊಂಡ್ರಾ?"

"ದೇವರಾಣೆ ಇಲ್ಲ ಮೇಡಂ."

"ಹಾಗಾದ್ರೆ ಯಾರೋ ನೋಡಿ ಬರ್ದಿದ್ದಾರೆ. ನಾಳೆ ಸಂಜೆಯೊಳಗೆ ಹೇಳು. ಇಲ್ಲಾಂದ್ರೆ ನಿನ್ನ ಪ್ರಬಂಧ ಹೊರಗೆ ಹೋಗಲ್ಲ."

ಅನುಮಾನ ಗೆದ್ದಲಿನ ಹಾಗೆ. ಹೊರಗೆ ಕಾಣದು, ಒಳಗೆ ತಿನ್ನುತ್ತಲೇ ಇರುತ್ತದೆ. ಕಳೆದ ವಾರ ಚಾಳೀಸಣ್ಣ ಚಾರ್ಜರ್ ಕೇಳುತ್ತ ಕೋಣೆಗೆ ಬಂದಿದ್ದರು. ಆಗ ಅವಳ ಪಟ್ಟಿ ಮೇಜಿನ ಮೇಲೆ ತೆರೆದೇ ಇತ್ತು. ತನ್ನ ಮೇಲಿನ ಅಕ್ಕರೆಗೇ ಹೀಗೆ ಮಾಡಿದ್ದರೆ? ಅವರ ಎಂದಿನ ನಗುವೂ ಕಳ್ಳನಗುವಾಗಿ ಕಂಡಿತು.

ಮರುದಿನ ಮೂವತ್ತು ಹೊಸ ಚಿತ್ರ ತಂದಳು. ಇಬ್ಬರೂ ಬೆನ್ನಿಗೆ ಬೆನ್ನು ಹಾಕಿ ಕೂತು ಗುರುತು ಹಾಕಿದರು.

"ಜೇಬಲ್ಲಿ ಚೀಟಿ ಇಲ್ಲ, ಬೇಕಾದ್ರೆ ತಡಕಮ್ಮ," ಎಂದು ಚಾಳೀಸಣ್ಣ ನಕ್ಕರು.

ಹೋಲಿಸಿದಳು. ಮೂವತ್ತಕ್ಕೆ ಮೂವತ್ತೂ ಒಂದೇ. ಕದ್ದಿಲ್ಲ! ನಾಚಿಕೆಯಿಂದ ಅವಳ ಮುಖ ಬಾಡಿತು.

ಚಾಳೀಸಣ್ಣ ಈ ಸಲ ನಗಲಿಲ್ಲ. ಒಂದು ಚಿತ್ರ ಎತ್ತಿ ಹಿಡಿದರು. "ಇದು ಗುಂಡಗೂ ಕಾಣುತ್ತೆ, ಚಪ್ಪಟೆಯಾಗೂ ಕಾಣುತ್ತೆ. ಇಂಥದು ಬಂದ್ರೆ ನಾನು ಚಪ್ಪಟೆ ಅಂತಲೇ ಹಾಕೋದು. ನೀನು?"

"ನಾನೂ ಅಷ್ಟೇ. ನೀವು ತಾನೆ ಹೇಳ್ಕೊಟ್ಟಿದ್ದು?"

"ಹೂಂ. ನೀನು ಸೇರಿದ ವರ್ಷ, ಇದೇ ಮೇಜಲ್ಲಿ." ಅವರ ದನಿ ಇಳಿಯಿತು. "ನನ್ನ ತಪ್ಪೇ ನಿಂಗೂ ಅಂಟಿದ್ರೆ ಏನಮ್ಮ ಗತಿ?"

ಸಂಜೆ ಅವಳು ಮುಖ್ಯಸ್ಥೆಯ ಮುಂದೆ ನಿಂತಳು. "ಯಾರೂ ಕದ್ದಿಲ್ಲ ಮೇಡಂ. ಆದ್ರೆ ನಾವು ಇಬ್ಬರು ಸಾಕ್ಷಿ ಅಲ್ಲ, ಒಬ್ಬರೇ. ನಾನು ನೋಡೋದು ಕಲಿತಿದ್ದೇ ಚಾಳೀಸಣ್ಣನ ಹತ್ರ. ಅವರ ಹತ್ರ ಕಲಿಯದವರು ಯಾರಾದ್ರೂ ನೋಡ್ಲಿ."

"ಅವರು ಬೇರೆ ಹೇಳಿದ್ರೆ ನಿನ್ನ ಆರು ವರ್ಷ ನೀರಲ್ಲಿ ಹೋಮ."

"ಗೊತ್ತು."

ಗುರುತಿಲ್ಲದ ಮುನ್ನೂರು ಚಿತ್ರಗಳನ್ನು ಲಕೋಟೆಗೆ ಹಾಕಿ, ತಾನೇ ಅಂಟಿಸಿ, ಮುಖ್ಯಸ್ಥೆಯ ಮೇಜಿನ ಮೇಲಿಟ್ಟಳು.